ಜೈತೂನಮ್ಮ ಮಾಡಿದ ಐಸ್‌ಕ್ರೀಂ

ಜೈತೂನಮ್ಮನ ಬೆರಳ ತುದಿಗಳಲ್ಲಿ ಗೆರೆಗಳಿರಲಿಲ್ಲ. ಹತ್ತೂ ಬೆರಳು ನುಣ್ಣಗೆ, ನೆನೆಸಿ ಸಿಪ್ಪೆ ಸುಲಿದ ಬಾದಾಮಿಯಂತೆ ಬೆಳ್ಳಗೆ. ಶಿಡ್ಲಘಟ್ಟದಲ್ಲಿ ನಮ್ಮ ಹಿತ್ತಲ ಗೋಡೆಯ ಆಚೆಗೇ ಅವರ ಮನೆ. ಮನೆಯ ಹಿಂದೆ ತಗಡಿನ ಶೆಡ್ಡು, ಶೆಡ್ಡಿನೊಳಗೆ ರೇಷ್ಮೆ ಗೂಡು ಬೇಯಿಸಿ ನೂಲು ತೆಗೆಯುವ ಒಲೆ. ಗೂಡು ಬೆಂದು ಮೆತ್ತಗಾದ ಮೇಲೆ, ಆ ಬಿಸಿನೀರಿನೊಳಗಿಂದಲೇ ಅದರ ಎಳೆಯ ತುದಿಯನ್ನು ಬೆರಳಲ್ಲಿ ಹುಡುಕಿ ರಾಟೆಗೆ ಕೊಡಬೇಕು. ಆ ಕೆಲಸವನ್ನು ಅವರು ಮೂವತ್ತೈದು ವರ್ಷ ಮಾಡಿದರು. ಮಾಡಿ ಮಾಡಿ ಹುಟ್ಟಿನಿಂದ ಬಂದ ಗೆರೆಗಳೆಲ್ಲ ಸವೆದುಹೋಗಿದ್ದವು.

ರೇಷನ್ ಅಂಗಡಿಗೆ ಬೆರಳಿಡುವ ಮಿಷಿನ್ ಬಂದ ಹೊಸತರಲ್ಲಿ ಈ ಸಂಗತಿ ಬೀದಿಗೆಲ್ಲ ತಿಳಿಯಿತು. ಜೈತೂನಮ್ಮ ಹೆಬ್ಬೆರಳಿಟ್ಟರು, ಮಿಷಿನ್ ಒಪ್ಪಲಿಲ್ಲ. ತೋರುಬೆರಳಿಟ್ಟರು, ಒಪ್ಪಲಿಲ್ಲ. ಅಂಗಡಿಯವನು ಕೈ ತೊಳೆದುಕೊಂಡು ಬನ್ನಿ ಎಂದ, ತೊಳೆದು ಬಂದರು. ಎಣ್ಣೆ ಒರೆಸಿ ನೋಡಿ ಎಂದ, ಸೆರಗಿಗೆ ಒರೆಸಿದರು. ಹತ್ತು ಬೆರಳೂ ಮುಗಿದಾಗ ಹಿಂದಿನ ಸಾಲಿನವರು ಗೊಣಗತೊಡಗಿದರು. ಅವರ ಹಿಂದೆಯೇ ಚೀಲ ಹಿಡಿದು ನಿಂತಿದ್ದ ನನ್ನ ಕಡೆ ತಿರುಗಿ, "ನಾನು ನಾನಲ್ವಂತೆ ಸುಧಮ್ಮ. ಇಷ್ಟು ವರ್ಷ ಯಾರ್ ಸಂಸಾರ ಮಾಡ್ದೆ ಅಂತ ಈಗ ಯೋಚ್ನೆ ಮಾಡ್ಬೇಕು" ಎಂದರು. ಗೊಣಗುತ್ತಿದ್ದವರೂ ನಕ್ಕರು. ಕೊನೆಗೆ ಕಣ್ಣು ತೋರಿಸುವ ಇನ್ನೊಂದು ಯಂತ್ರ ತರಿಸಿ, ಕಣ್ಣು ತೋರಿಸಿ ಅಕ್ಕಿ ತಂದರು. ದಾರಿಯಲ್ಲಿ ಬರುತ್ತಾ ತಮ್ಮ ಅಂಗೈಯನ್ನು ತಾವೇ ಒಂದು ಸಲ ನೋಡಿಕೊಂಡು, "ಗೆರೆ ಎಲ್ಲಾ ಜನರ ಸೀರೆಗೆ ಹೋಗವೆ ಬಿಡು" ಎಂದಿದ್ದು ನೆನಪಿದೆ.

ಗೆರೆ ಮಾತ್ರವಲ್ಲ, ಆ ಬೆರಳುಗಳಿಗೆ ಬಿಸಿಯೂ ಗೊತ್ತಾಗುತ್ತಿರಲಿಲ್ಲ. ಒಲೆಯ ಮೇಲಿನ ಚಹಾದ ಪಾತ್ರೆಯನ್ನು ಬಟ್ಟೆಯಿಲ್ಲದೆ ಇಳಿಸುವರು. ಕೆಂಡದ ಮೇಲಿನ ರೊಟ್ಟಿಯನ್ನು ಬೆರಳಲ್ಲೇ ಮಗುಚುವರು. ಚಿಕ್ಕವಳಿದ್ದಾಗ ನನಗೆ ಇದು ದೊಡ್ಡ ಮಾಯ. ನಾನೂ ಮಾಡಲು ಹೋಗಿ ಒಮ್ಮೆ ಬೊಬ್ಬೆ ಎಬ್ಬಿಸಿಕೊಂಡು, ಅಮ್ಮನಿಂದ ಎರಡು ಬಿಗಿಸಿಕೊಂಡೆ.

ಅಮ್ಮನ ವಿಷಯ ಇಲ್ಲೇ ಹೇಳಬೇಕು, ಏಕೆಂದರೆ ಜೈತೂನಮ್ಮನನ್ನು ಅಮ್ಮನಿಂದ ಬಿಡಿಸಿ ಹೇಳುವುದು ನನ್ನಿಂದ ಆಗದು. ನನ್ನ ಅಮ್ಮ ಪದ್ಮಾವತಮ್ಮ ಮಡಿಯ ಹೆಂಗಸು. ಮನೆಮಾತು ತೆಲುಗು, ಬೀದಿಯ ಮಾತು ಕನ್ನಡ, ಕೋಪ ಬಂದರೆ ಎರಡೂ. ಬೇರೆಯವರ ಮನೆಯ ಒಲೆಯ ಮೇಲೆ ಬೆಂದದ್ದನ್ನು ಅವಳು ತಿನ್ನುತ್ತಿರಲಿಲ್ಲ. ಸ್ವಂತ ನೆಂಟರ ಮದುವೆಗೆ ಹೋದರೂ ಎರಡು ಬಾಳೆಹಣ್ಣು ತಿಂದು ವಾಪಸು ಬರುವಳು. ಅದರಲ್ಲೂ ಜೈತೂನಮ್ಮನ ಮನೆಯ ವಿಷಯಕ್ಕೆ ಬಂದರೆ ಆ ನೇಮ ಇನ್ನಷ್ಟು ಬಿಗಿಯಾಗುತ್ತಿತ್ತು. ಅಮ್ಮನ ಮರ್ಯಾದೆ ಉಳಿಸಲು ಆ ಮಾತನ್ನು ನಾನು ಮುಚ್ಚಿಡಲಾರೆ.

ಹಾಗಿದ್ದೂ ಇಬ್ಬರದು ಮೂವತ್ತು ವರ್ಷದ ಸ್ನೇಹ. ಎದೆಮಟ್ಟದ ಗೋಡೆ, ಆಚೆ ಒಬ್ಬಳು, ಈಚೆ ಒಬ್ಬಳು. ಬೆಳಗಿನ ಹತ್ತು ಗಂಟೆಗೆ ಅಮ್ಮ ಸೊಪ್ಪು ಬಿಡಿಸಲು ಅಲ್ಲಿಗೇ ಹೋಗುವಳು, ಆ ಹೊತ್ತಿಗೆ ಅವರು ಬೆನ್ನು ನೆಟ್ಟಗೆ ಮಾಡಿಕೊಳ್ಳಲು ಶೆಡ್ಡಿನಿಂದ ಹೊರಗೆ ಬರುವರು. ನಮ್ಮ ಮನೆಗೆ ಬಂದ ನೆಂಟರು ಶೆಡ್ಡಿನ ಹುಳದ ವಾಸನೆಗೆ ಮೂಗು ಮುಚ್ಚಿಕೊಂಡರೆ, "ಅದು ನಮ್ಮ ಬೀದಿ ವಾಸ್ನೆ. ಆಗ್ದಿದ್ರೆ ಮುಂದಿನ ಬಾಗಿಲ ಕಡೆ ಕೂತ್ಕೊಳ್ಳಿ" ಎನ್ನುವಳು ಅಮ್ಮ.

ರಂಜಾನಿಗೆ ಗೋಡೆಯ ಮೇಲೆ ಒಂದು ತಟ್ಟೆ ಬರುತ್ತಿತ್ತು. ಅದರಲ್ಲಿ ಒಣ ಶಾವಿಗೆ, ಸಕ್ಕರೆ, ಗೋಡಂಬಿ, ದ್ರಾಕ್ಷಿ, ಪಕ್ಕದಲ್ಲಿ ಹಾಲಿನ ಪ್ಯಾಕೆಟ್ಟು. ಎಲ್ಲ ಹಸಿಯದೇ, ಬೆಂಕಿ ಕಂಡದ್ದು ಒಂದೂ ಇಲ್ಲ. ಅಮ್ಮ ಅದಕ್ಕೆ ಮಡಿಗೆಂದು ನೀರು ಚಿಮುಕಿಸಿ ಒಳಗೆ ಒಯ್ದು, ನಮ್ಮ ಒಲೆಯ ಮೇಲೆ ಪಾಯಸ ಮಾಡಿ, ಒಂದು ಡಬ್ಬಿ ಗೋಡೆಯಾಚೆ ಕೊಡುವಳು. ಹೀಗೆ ಜೈತೂನಮ್ಮ ತಮ್ಮ ಹಬ್ಬದ ಪಾಯಸವನ್ನು ಅಮ್ಮನ ಕೈಯಿಂದ ತಿನ್ನುತ್ತಿದ್ದರು. ತಟ್ಟೆಯನ್ನು ಅವರು ಕೈಗೆ ಕೊಡುತ್ತಲೂ ಇರಲಿಲ್ಲ. ಗೋಡೆಯ ಮೇಲಿಟ್ಟು, ಎರಡು ಹೆಜ್ಜೆ ಹಿಂದೆ ಸರಿದು, "ಅಕ್ಕಾ, ಇಟ್ಟಿದ್ದೀನಿ" ಎನ್ನುವರು. ಅಮ್ಮನ ಮಡಿಯನ್ನು ಅಮ್ಮನಿಗಿಂತ ಹೆಚ್ಚು ಅವರೇ ನೋಡಿಕೊಳ್ಳುತ್ತಿದ್ದರು. ಒಂದು ಸಲ ಮುರುಗಮಲ್ಲದಿಂದ ಬಂದಿದ್ದ ಅವರ ನಾದಿನಿ ಬೇಯಿಸಿದ ಸಿಹಿ ಅನ್ನವನ್ನು ಗೋಡೆಯ ಮೇಲಿಡಲು ಬಂದಾಗ ಜೈತೂನಮ್ಮ ಅವಳನ್ನು ಅರ್ಧದಾರಿಯಲ್ಲೇ ಹಿಡಿದು ನಿಲ್ಲಿಸಿದರು. "ಮೂವತ್ತು ವರ್ಷದಿಂದ ನಿಮ್ಮನೆ ನೀರು ಕುಡೀದೋಳ ಹಿಂದೆ ಯಾಕ್ ಬೀಳ್ತೀಯ" ಎಂದು ನಾದಿನಿ ರೇಗಿದಳು. ಮಗನ ಹೆರಿಗೆಯ ದಿನ ನೆನೆದು ಜೈತೂನಮ್ಮ ಹೇಳಿದ್ದು ನನಗೆ ಕೇಳಿಸಿತು: "ಇಮ್ರಾನ್ ಹುಟ್ಟಿದ್ ದಿನ ನೀವ್ಯಾರೂ ಇರ್ಲಿಲ್ಲ. ಅಕ್ಕ ನಾಲ್ಕು ಗಂಟೆ ನಮ್ಮ ಬಾಗ್ಲಲ್ಲಿ ನಿಂತಿದ್ಲು. ನೀರು ಕುಡೀದೇನೇ ನಿಂತಿದ್ಲು."

ಓದಿ ಚಿಕ್ಕಬಳ್ಳಾಪುರದಲ್ಲಿ ಕೆಲಸ ಹಿಡಿದ ಮೇಲೆ ನನಗೆ ಇದೆಲ್ಲ ಸಹಿಸಲು ಆಗುತ್ತಿರಲಿಲ್ಲ. ದಿನಾ ಬಸ್ಸಿನಲ್ಲಿ ಹತ್ತು ಜಾತಿಯವರ ಜೊತೆ ಕಡಲೆಕಾಯಿ ಹಂಚಿಕೊಂಡು ತಿನ್ನುವ ನಾನು ಮನೆಗೆ ಬಂದು ಅಮ್ಮನಿಗೆ ಭಾಷಣ ಬಿಗಿಯುತ್ತಿದ್ದೆ. ಅಮ್ಮ ತನ್ನ ಪಾಡಿಗೆ ಸೊಪ್ಪು ಬಿಡಿಸುವಳು. ಬುದ್ಧಿ ಹೇಳುತ್ತಿದ್ದವರು ಜೈತೂನಮ್ಮ, ಅದೂ ನನಗೆ. "ತುದಿ ಸಿಗೋಕ್ ಮುಂಚೆ ಎಳೀಬ್ಯಾಡ ಸುಧಮ್ಮ. ಗೂಡೆಲ್ಲಾ ಸಿಕ್ಕಾಗೋಗ್ತದೆ." ನಾನು ಅವರ ಪರವಾಗಿ ಜಗಳ ಆಡುತ್ತಿದ್ದರೆ ಅವರು ಎದುರು ಪಕ್ಷ ಸೇರಿಕೊಂಡಿದ್ದರು.

ಶೆಡ್ಡಿನ ಹಬೆ ಅವರ ಎದೆಯನ್ನು ಹಿಡಿಯಿತು. ಉಬ್ಬಸ ಹೆಚ್ಚಾಗಿ, ಇನ್ನು ಒಲೆಯ ಮುಂದೆ ಕೂರಬೇಡಿ ಎಂದು ಡಾಕ್ಟರು ಖಂಡಿತವಾಗಿ ಹೇಳಿದರು. ಮಗ ಇಮ್ರಾನ್ ಗೂಡಿನ ಮಾರ್ಕೆಟ್ಟಿನಲ್ಲಿ ಕೆಲಸಕ್ಕಿದ್ದ. ರಾಟೆ ಮಾರಿ ಶೆಡ್ಡಿಗೆ ಬೀಗ ಹಾಕಿದ. ಸುಮ್ಮನೆ ಕೂತು ಗೊತ್ತಿಲ್ಲದ ಹೆಂಗಸು ಒಂದು ತಿಂಗಳು ಗೋಡೆಯ ಆಚೆ ಅತ್ತಿಂದಿತ್ತ ಓಡಾಡಿದರು. ಆಗಲೇ ಆ ಐಸ್‌ಕ್ರೀಂ ಮಿಷಿನ್ ಬಂದದ್ದು.

ಚಿಂತಾಮಣಿಯಲ್ಲಿ ಅವರ ತಂಗಿಯ ಮಗಳ ಮದುವೆಯಾಯಿತು. ಉಡುಗೊರೆಯಲ್ಲಿ ಮೂರು ಮಿಕ್ಸಿ, ನಾಲ್ಕು ಗೋಡೆ ಗಡಿಯಾರ, ಯಾರಿಗೂ ಬೇಡವಾದ ಒಂದು ಐಸ್‌ಕ್ರೀಂ ಮಿಷಿನ್. ಯಾರೂ ಕೈ ಚಾಚದ್ದನ್ನು ಜೈತೂನಮ್ಮ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದರು. "ಬಿಸಿ ಸಾಕಾಗೈತೆ ಸುಧಮ್ಮ. ಇನ್ ಮೇಲೆ ತಣ್ಣಗಿರೋ ಕಸುಬು" ಎಂದರು.

ಮಿಷಿನ್ ಜೊತೆಗಿದ್ದ ಪುಸ್ತಿಕೆ ಓದಿ ಹೇಳಿದವಳು ನಾನು. ಎರಡು ಪದರದ ಗೋಡೆಯ ಒಂದು ಭಾರಿ ಪಾತ್ರೆ, ಪದರಗಳ ನಡುವೆ ಏನೋ ದ್ರವ. ಆ ಪಾತ್ರೆಯನ್ನು ಒಂದು ಇಡೀ ದಿನ ಫ್ರೀಜರಿನಲ್ಲಿಟ್ಟು ಗಟ್ಟಿ ಮಾಡಬೇಕು. ಆಮೇಲೆ ಹೊರಗೆ ತೆಗೆದು, ಕಾಯಿಸಿ ಚೆನ್ನಾಗಿ ತಣಿಸಿದ ಹಾಲನ್ನು ಹುಯ್ದು, ಮೇಲೆ ಮೋಟಾರು ಕೂರಿಸಿ ಸ್ವಿಚ್ ಒತ್ತಿದರೆ ಒಳಗಿನ ರೆಕ್ಕೆ ಅರ್ಧ ಗಂಟೆ ತಿರುಗಿ ಐಸ್‌ಕ್ರೀಂ ಆಗುತ್ತದೆ. ಪುಸ್ತಿಕೆಯವರು ಮೊಟ್ಟೆಯ ಹಳದಿ ಹಾಕಿ ಎಂದಿದ್ದರು. ಜೈತೂನಮ್ಮ ಆ ಸಾಲನ್ನು ನನ್ನಿಂದಲೇ ಪೆನ್ನಿನಲ್ಲಿ ಹೊಡೆದುಹಾಕಿಸಿದರು. ಅವರ ಫ್ರಿಜ್ಜಿನ ಫ್ರೀಜರಿನಲ್ಲಿ ಮಾಂಸ ಇರುತ್ತಿತ್ತು. ಅವರು ಬಂದು ಗೋಡೆಯ ಬಳಿ ನಿಂತು, "ಅಕ್ಕಾ, ಈ ಪಾತ್ರೆ ನಿಮ್ಮ ಫ್ರಿಜ್ಜಲ್ಲಿ ಇಟ್ಕೊತೀಯಾ? ಇನ್ನೂ ಏನೂ ಮುಟ್ಟಿಸಿಲ್ಲ" ಎಂದರು. ಅಮ್ಮ ಅದನ್ನು ಮೂರು ಸಲ ತೊಳೆದು ಇಟ್ಟುಕೊಂಡಳು. ಅಂದಿನಿಂದ ಪಾತ್ರೆಯ ವಾಸ ನಮ್ಮ ಮನೆಯಲ್ಲಿ, ಮೋಟಾರಿನ ವಾಸ ಅವರ ಮನೆಯಲ್ಲಿ.

ಅಮ್ಮ ಇದಕ್ಕೂ ಒಂದು ಕಾನೂನು ಮಾಡಿದಳು. ಹಾಲು ನಮ್ಮ ಒಲೆಯ ಮೇಲೆ ಕಾಯಬೇಕು. ಕಾಯ್ದ ಹಾಲು ಗೋಡೆಯ ಮೇಲೆ ಹೋಗಬಹುದು. "ಆಮೇಲೆ ತಿರುಗ್ಸೋದು ಕರೆಂಟು. ಕರೆಂಟಿಗೆ ಯಾವ ಮಡಿ?" ಎಂದಳು. ಮೂವತ್ತು ವರ್ಷದಲ್ಲಿ ಅವಳು ಕೊಟ್ಟ ಮೊದಲ ರಿಯಾಯಿತಿ ಅದು; ನಾನಂತೂ ಬೆರಗಾದೆ. ಆಚೆಯ ಜಗಲಿಯ ಮೇಲೆ ಮೋಟಾರು ಗುರ್ರೆನ್ನುವಾಗ ಜೈತೂನಮ್ಮ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ರಾಟೆ ನೋಡುವ ಕಣ್ಣಿನಲ್ಲೇ ಅದನ್ನು ನೋಡುವರು. ಪಾತ್ರೆ ಗಟ್ಟಿಯಾಗಿದೆಯೇ ಎಂದು ನೋಡಲು, ಒಳಗಿನ ಹುಳದ ಸದ್ದು ಕೇಳಲು ಗೂಡನ್ನು ಅಲ್ಲಾಡಿಸುವಂತೆ, ಅದನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸುವರು. ಒಳಗೆ ನೀರು ಕುಲುಕಿದ ಸದ್ದು ಬಂದರೆ, "ಇನ್ನೂ ಹಣ್ಣಾಗಿಲ್ಲ" ಎಂದು ಹಿಂದಕ್ಕೆ ಕೊಡುವರು. ಆ ಬೇಸಿಗೆಯಲ್ಲಿ ಸಪೋಟ, ಸೀಬೆ, ಬರೀ ಏಲಕ್ಕಿ, ಹೀಗೆ ಬೀದಿಯ ಮಕ್ಕಳೆಲ್ಲ ತಿಂದರು. ಅಮ್ಮ ಮಾತ್ರ ಹಲ್ಲು ಜುಂ ಅನ್ನುತ್ತದೆ ಎಂದು ಒಂದು ಚಮಚಕ್ಕೆ ನಿಲ್ಲಿಸುತ್ತಿದ್ದಳು.

ಮರುವರ್ಷ ಅಮ್ಮನ ಗಂಟಲಲ್ಲಿ ಗೆಡ್ಡೆ ಕಾಣಿಸಿತು. ಬೆಂಗಳೂರಿನ ಆಸ್ಪತ್ರೆಯಲ್ಲಿ ಆರು ವಾರ ರೇಡಿಯೇಷನ್ ಕೊಟ್ಟರು. ಕಾಯಿಲೆ ಹೋಯಿತು ಎಂದರು, ಆದರೆ ಬಾಯಿ, ಗಂಟಲು ಎಲ್ಲ ಹುಣ್ಣಾಗಿ ನೀರು ನುಂಗುವುದೂ ಕಷ್ಟವಾಯಿತು. ಅಮ್ಮನ ದನಿ ಪಿಸುಮಾತಿಗೆ ಇಳಿಯಿತು. ರಾಗಿ ಗಂಜಿ ಕೊಟ್ಟರೆ ಎರಡು ಚಮಚಕ್ಕೆ ಕೈ ಅಡ್ಡ ಹಿಡಿದು "ಚಾಲು, ಚಾಲು" ಎನ್ನುವಳು, ಸಾಕು ಸಾಕು ಎಂದು. ರೇಷ್ಮೆ ಸೀರೆಯಲ್ಲಿ ತುಂಬಿ ಕಾಣುತ್ತಿದ್ದವಳು ಮಂಚದ ಮೇಲೆ ಹಾಸಿಗೆಗೂ ಭಾರವಿಲ್ಲದಂತೆ ಮಲಗಿರುತ್ತಿದ್ದಳು. ಡಾಕ್ಟರು ಹತ್ತು ದಿನ ಗಡುವು ಕೊಟ್ಟರು. ಹತ್ತು ದಿನದಲ್ಲಿ ತೂಕ ಇನ್ನೂ ಇಳಿದರೆ ಮೂಗಿನಿಂದ ಹೊಟ್ಟೆಗೆ ಟ್ಯೂಬು ಹಾಕಲೇಬೇಕು ಎಂದರು. ವಾಪಸು ಬರುವಾಗ ಕಾರಿನಲ್ಲಿ ಅಮ್ಮ ನನ್ನ ಕೈ ಹಿಡಿದುಕೊಂಡು ಹೇಳಿದಳು: "ಅದೊಂದು ಬೇಡ ಸುಧಾ. ಆ ನಳಿಗೆ ಹಾಕಿಸ್ಕೊಂಡು ನಾನು ಇರಲ್ಲ." ನನ್ನ ಅಮ್ಮ ಹೇಳಿದ್ದನ್ನು ಮಾಡುವವಳು.

ತಣ್ಣಗೆ, ನುಣ್ಣಗೆ, ಹಾಲು ಕೆನೆ ಇರುವುದು ಏನಾದರೂ ಕೊಡಿ ಎಂದಿದ್ದರು ಡಾಕ್ಟರು. ಅಂಗಡಿಯ ಐಸ್‌ಕ್ರೀಂ ತಂದೆ. ದಾರಿಯಲ್ಲಿ ಕರಗಿ ಮತ್ತೆ ಗಟ್ಟಿಯಾದ ಅದರಲ್ಲಿ ಮಂಜಿನ ಹರಳುಗಳು. ಹುಣ್ಣಿಗೆ ತಗುಲಿ ಅಮ್ಮನ ಕಣ್ಣಲ್ಲಿ ನೀರು ಬಂತು. ಗೋಡೆಯಾಚೆಯಿಂದ ಎಲ್ಲ ಕೇಳಿಸಿಕೊಳ್ಳುತ್ತಿದ್ದ ಜೈತೂನಮ್ಮ ಹೇಳಿದರು: "ಅಂಗಡೀದು ಬಿಡು. ಹಾಲು ಕಾಯ್ಸು. ಒಂದು ಮರಳಿನ ಕಾಳಷ್ಟೂ ಗರಗರ ಇರದಂಗೆ ನಾನು ಮಾಡ್ತೀನಿ."

ಮೊದಲ ದಿನವೇ ಎಡವಿದೆವು. ನಾನು ರಜೆ ಹಾಕಿದ್ದೆ. ಹಾಲನ್ನು ಅರ್ಧಕ್ಕೆ ಬತ್ತಿಸಿ, ಸಕ್ಕರೆ, ಕೆನೆ ಬೆರೆಸಿ, ತಣ್ಣೀರಿನ ಬಕೆಟ್ಟಿನಲ್ಲಿ ಇಳಿಬಿಟ್ಟೆ. ಅಮ್ಮ ಬೆಳಗಿನಿಂದ ಏನೂ ನುಂಗಿರಲಿಲ್ಲ, ನಮ್ಮಿಬ್ಬರಿಗೂ ಅವಸರ. ಹಾಲಿನ ಪಾತ್ರೆಯನ್ನು ಬಟ್ಟೆಯಲ್ಲಿ ಹಿಡಿದು ಗೋಡೆಯ ಮೇಲಿಟ್ಟೆ. ಜೈತೂನಮ್ಮ ಕೈ ತೊಳೆದು, ಕಿರುಬೆರಳ ತುದಿ ಅದ್ದಿ ನೋಡಿ, "ತಣ್ಣಗಾಗೈತೆ, ತಾ" ಎಂದರು. ಹುಯ್ದರು. ಮೋಟಾರು ಅರ್ಧ ಗಂಟೆ ತಿರುಗಿತು. ಮುಚ್ಚಳ ತೆಗೆದರೆ ಹಾಲು ಹಾಲಾಗಿಯೇ ಇತ್ತು. ಪಾತ್ರೆಯ ಪದರಗಳ ನಡುವೆ ಗಟ್ಟಿಯಾಗಿದ್ದ ದ್ರವ ಕರಗಿ ಕುಲುಕುತ್ತಿತ್ತು.

ಇಬ್ಬರಿಗೂ ಏನೆಂದು ತಿಳಿಯಲಿಲ್ಲ. ಅವರು ಪಾತ್ರೆಯನ್ನು ಕೆಳಗಿಟ್ಟು, "ಸುಧಮ್ಮ, ಆ ಕಾಯ್ಸಿದ ಪಾತ್ರೇಲಿ ಮಿಕ್ಕಿರೋ ಹಾಲಿಗೆ ನೀನು ಬೆರಳಿಡು" ಎಂದರು. ಇಟ್ಟೆ. ಅರ್ಧ ಗಂಟೆ ಕಳೆದಿದ್ದರೂ ಅದು ಇನ್ನೂ ಬೆಚ್ಚಗಿತ್ತು.

"ಬಿಸಿ ಐತಾ?"

"ಬೆಚ್ಚಗಿದೆ ಜೈತೂನಮ್ಮ."

ಅವರು ತಾವೂ ಇನ್ನೊಮ್ಮೆ ಬೆರಳಿಟ್ಟು ನೋಡಿದರು. "ನನಗೆ ತಣ್ಣಗೇ ಐತೆ. ಈಗ್ಲೂ ತಣ್ಣಗೇ ಐತೆ" ಎಂದರು. ಬಿಸಿ ಹಾಲು ಹುಯ್ದು ಒಂದು ದಿನದ ಮಂಜನ್ನು ಕರಗಿಸಿದ್ದೆವು. ಪಾತ್ರೆ ಮತ್ತೆ ಗಟ್ಟಿಯಾಗಲು ನಾಳೆಯವರೆಗೆ ಕಾಯಬೇಕು, ಹತ್ತು ದಿನದಲ್ಲಿ ಒಂದು ದಿನ ಹಾಳು. ರೇಷನ್ ಅಂಗಡಿಯಲ್ಲಿ ತಮ್ಮ ಬೆರಳನ್ನು ತಾವೇ ಗೇಲಿ ಮಾಡಿಕೊಂಡಿದ್ದ ಹೆಂಗಸು ಅವತ್ತು ಎರಡೂ ಕೈಯನ್ನು ಸೆರಗಿನೊಳಗೆ ಸುತ್ತಿಕೊಂಡು ಜಗಲಿಯ ಮೇಲೆ ಕೂತುಬಿಟ್ಟರು. ಅಮ್ಮ ಅವತ್ತು ನಾಲ್ಕು ಗುಟುಕು ಎಳನೀರಿನ ಮೇಲೆ ದಿನ ಕಳೆದಳು. ನನಗೆ ಜೈತೂನಮ್ಮನ ಮೇಲೆ ಕೋಪ ಬಂದದ್ದು ನಿಜ. ಅದನ್ನು ತೋರಿಸಲಿಲ್ಲ ಅನ್ನುವುದೊಂದೇ ಸಮಾಧಾನ.

ಮರುದಿನ ಅವರು ಗೋಡೆಯ ಬಳಿ ನನಗಿಂತ ಮೊದಲೇ ನಿಂತಿದ್ದರು. "ನನ್ನ ಕೈ ನಂಬಲ್ಲ ಇನ್ ಮೇಲೆ. ನಿನ್ನ ಬೆರಳು ಕೊಡು" ಎಂದರು. ಅಂದಿನಿಂದ ಬಿಸಿಯ ಪರೀಕ್ಷೆ ನನ್ನದು. ನಾನು ತಣ್ಣಗಾಗಿದೆ ಎಂದರೂ ಅವರು ಇನ್ನೊಂದು ಗಂಟೆ ಫ್ರಿಜ್ಜಿನಲ್ಲಿಡು ಎನ್ನುವರು. ಮೋಟಾರಿನ ಸದ್ದು ದಪ್ಪಗಾಗುವುದನ್ನು ಕೇಳಿ ಯಾವ ಕ್ಷಣಕ್ಕೆ ನಿಲ್ಲಿಸಬೇಕು ಎನ್ನುವುದು ಮಾತ್ರ ಅವರದು. ಅದರಲ್ಲಿ ಒಂದು ಸಲವೂ ತಪ್ಪಲಿಲ್ಲ. ಆ ಐಸ್‌ಕ್ರೀಂ ನಾಲಿಗೆಯ ಮೇಲಿಟ್ಟರೆ ಎಲ್ಲಿ ಹೋಯಿತು ಎಂದು ಗೊತ್ತಾಗುತ್ತಿರಲಿಲ್ಲ. ಏಲಕ್ಕಿಯೂ ಉರಿಯುತ್ತದೆ ಎಂದು ಬಿಟ್ಟಿದ್ದೆವು. ಹಾಲು, ಕೆನೆ, ಸಕ್ಕರೆ ಅಷ್ಟೆ. ಅಮ್ಮ ಆ ದಿನ ಎರಡು ಚಮಚ, ಮರುದಿನ ನಾಲ್ಕು, ಆಮೇಲೆ ಒಂದು ಬಟ್ಟಲು. ಪ್ರತಿ ಸಲ ನಾನು ತಿನ್ನಿಸುವಾಗ ಜೈತೂನಮ್ಮ ಗೋಡೆಯ ಆಚೆ ನಿಂತು, "ಹೋಯ್ತಾ? ಒಳಗೆ ಹೋಯ್ತಾ?" ಎಂದು ಕೇಳುವರು. ಒಳಗೆ ಬಂದು ನೋಡಿ ಎಂದು ನಾನು ಕರೆದರೆ, "ಅಕ್ಕ ಹುಷಾರಿಲ್ಲ ಅಂತ ನಾನು ಒಳಗೆ ನುಗ್ಗೋದಾ?" ಎಂದು ತಲೆ ಆಡಿಸುವರು.

ಗಡುವಿಗೆ ಎರಡು ದಿನವಿತ್ತು. ರಜೆ ಮುಗಿದು ಆಫೀಸಿಗೆ ಹೋಗಲೇಬೇಕಾಗಿತ್ತು. ಅವತ್ತು ಬೆಳಗಿನಿಂದ ಅಮ್ಮನ ಬಾಯಿಯ ಹುಣ್ಣು ಮತ್ತೆ ಕೆಂಪಾಗಿ, ನೀರು ಬಿಟ್ಟರೆ ಏನೂ ಇಳಿದಿರಲಿಲ್ಲ. ಗ್ಯಾಸೂ ಮುಗಿದಿತ್ತು; ಸಂಜೆ ಬೇಗ ಸಿಲಿಂಡರ್ ತಂದು ಹಾಲು ಕಾಯಿಸುವೆನೆಂದು ಅಮ್ಮನಿಗೂ ಜೈತೂನಮ್ಮನಿಗೂ ಹೇಳಿ ಹೋದೆ. ಬಸ್ಸು ನಡುದಾರಿಯಲ್ಲಿ ಕೆಟ್ಟು ನಿಂತಿತು. ನಾನು ಮನೆ ಸೇರುವಾಗ ದೀಪ ಹಚ್ಚುವ ಹೊತ್ತು ಮೀರಿತ್ತು. ಮುಂಬಾಗಿಲಿನಿಂದ ಒಳಗೆ ಬಂದವಳು ಅಡುಗೆಮನೆಯ ಹಿಂಬಾಗಿಲಲ್ಲಿ ಮಾತು ಕೇಳಿ ಅಲ್ಲೇ ನಿಂತೆ.

ಹೊಸ್ತಿಲ ಹೊರಗೆ ಜೈತೂನಮ್ಮ ನಿಂತಿದ್ದರು. ಕೈಯಲ್ಲಿ ಹೊಸ ಸ್ಟೀಲ್ ಬಟ್ಟಲು. ಒಳಗೆ ಗೋಡೆಗೆ ಒರಗಿಕೊಂಡು ಅಮ್ಮ.

"ಅಕ್ಕಾ, ಇವತ್ತು ನಿಮ್ಮ ಗ್ಯಾಸ್ ಮುಗ್ದೈತೆ. ಸುಧಮ್ಮ ಬರ್ಲಿಲ್ಲ. ಐದು ಗಂಟೆವರ್ಗೂ ನೋಡ್ದೆ. ಇದು ನಮ್ಮ ಒಲೆ ಮೇಲೆ ಕಾಯ್ಸಿದ್ದು. ಪಾತ್ರೆ ಹೊಸದು, ಒಲೆ ಮಾತ್ರ ನಮ್ದು." ಅವರಿಗೆ ಉಸಿರು ಹತ್ತಿತ್ತು. "ಹೇಳ್ದೆ ಕೊಡ್ಬಹುದಾಗಿತ್ತು. ನಿನಗೆ ಸುಳ್ಳು ಹೇಳಿ ತಿನ್ಸಲ್ಲ ನಾನು. ತಿಂತೀನಿ ಅಂದ್ರೆ ಕೊಡ್ತೀನಿ."

ಒಂದು ಸುಳ್ಳು ಹೇಳಿದ್ದರೆ ಏನು ಹೋಗುತ್ತಿತ್ತು ಎಂದು ಮನಸ್ಸಿನಲ್ಲೇ ಅವರನ್ನು ಬೈದೆ. ಅಮ್ಮ ಬೇಡ ಅಂದರೆ ನಾಳಿದ್ದು ಟ್ಯೂಬು.

ಅಮ್ಮ ಪಿಸುದನಿಯಲ್ಲಿ ಹೇಳಿದಳು: "ಗ್ಯಾಸ್ ಮುಗಿದಿದ್ದು ನನಗೆ ಗೊತ್ತಿಲ್ವೇನೇ? ಫ್ರಿಜ್ಜಿಂದ ಆ ಪಾತ್ರೆ ತೆಗ್ದು ಗೋಡೆ ಮೇಲೆ ಇಟ್ಟೋಳು ನಾನಲ್ವಾ?"

ಜೈತೂನಮ್ಮ ಬಟ್ಟಲನ್ನು ಹೊಸ್ತಿಲ ಮೇಲಿಡಲು ಬಗ್ಗಿದರು.

"ಬಾ ಒಳಗೆ" ಎಂದಳು ಅಮ್ಮ. "ನನಗೆ ಕೈ ನಡುಗುತ್ತೆ. ನೀನೇ ತಿನ್ಸು."

ಮೂವತ್ತು ವರ್ಷದಲ್ಲಿ ಮೊದಲ ಸಲ ಅವರು ಆ ಹೊಸ್ತಿಲು ದಾಟಿದರು. ದಾಟುವ ಮೊದಲು ಹೊರಗಿನ ನಲ್ಲಿಯಲ್ಲಿ ಕಾಲು ತೊಳೆದರು. ಅಮ್ಮನ ಮುಂದೆ ನೆಲದ ಮೇಲೆ ಕೂತು, ಚಮಚದ ತುದಿಯಲ್ಲಿ ಚೂರು ಚೂರೇ ಕೊಟ್ಟರು. ಅಮ್ಮ "ಚಾಲು" ಎಂದಾಗಲೆಲ್ಲ, "ನನಗೆ ತೆಲುಗು ಬರಲ್ಲ ಅಕ್ಕಾ" ಎಂದು ಇನ್ನೊಂದು ಚಮಚ ಕೊಡುವರು. ಅವರಿಗೆ ನಮ್ಮಷ್ಟೇ ತೆಲುಗು ಬರುತ್ತಿತ್ತು. ಬಟ್ಟಲು ಖಾಲಿಯಾಯಿತು. ನಾನು ಬಾಗಿಲ ಮರೆಯಲ್ಲಿ ನಿಂತು ಬಾಯಿಗೆ ದುಪಟ್ಟಾ ಒತ್ತಿಕೊಂಡು ಅತ್ತೆ.

ಟ್ಯೂಬು ಬೇಕಾಗಲಿಲ್ಲ. ತೂಕ ಇಳಿದಿರಲಿಲ್ಲ. ಏನು ಕೊಟ್ಟಿರಿ ಎಂದು ಡಾಕ್ಟರು ಕೇಳಿದಾಗ ಅಮ್ಮ ನನಗಿಂತ ಮೊದಲೇ, "ನಮ್ಮ ಜೈತೂನು ಮಾಡಿದ್ದು" ಎಂದಳು. ಅವರು ಅದು ಯಾವ ಟಾನಿಕ್ ಎಂದು ಯೋಚಿಸಿದಂತೆ ಕಂಡಿತು.

ನಾಲ್ಕೈದು ತಿಂಗಳಲ್ಲಿ ಅಮ್ಮನ ದನಿ ಮರಳಿತು, ಊಟ ಮರಳಿತು. ಅದರ ಹಿಂದೆಯೇ ಮಡಿಯೂ ಮರಳಿತು. ಆ ವರ್ಷದ ರಂಜಾನಿಗೆ ಗೋಡೆಯ ಮೇಲೆ ಎಂದಿನಂತೆ ಒಣ ಶಾವಿಗೆ, ಸಕ್ಕರೆ, ಹಾಲಿನ ಪ್ಯಾಕೆಟ್ಟು ಬಂದು ಕೂತವು. ಅಮ್ಮ ಎಂದಿನಂತೆ ನೀರು ಚಿಮುಕಿಸಿ ಒಳಗೆ ತೆಗೆದುಕೊಂಡಳು. ನನಗೆ ಮೈ ಉರಿದುಹೋಯಿತು. "ಆವತ್ತು ಅವರ ಒಲೆಯದ್ದು ತಿಂದು ಬದುಕಿದೆಯಲ್ಲ" ಎಂದೆ. "ಆವತ್ತು ಕಾಯಿಲೆ" ಎಂದಳು, ಅಷ್ಟೇ. ನಾನು ಗೋಡೆಯ ಬಳಿ ಹೋಗಿ ಜೈತೂನಮ್ಮನ ಹತ್ತಿರ ದೂರಿದೆ. ನಾಚಿಕೆಯಾಗುತ್ತದೆ ನಿಮ್ಮ ಮುಖ ನೋಡಲು ಎಂದೆ.

ಅವರು ಉಬ್ಬಸದ ನಡುವೆಯೂ ತುಂಬಾ ಹೊತ್ತು ನಕ್ಕರು. "ನಾನು ಇವತ್ತು ಹಸಿ ಶಾವಿಗೆ ಇಟ್ಟು ನೋಡ್ತಾ ನಿಂತಿದ್ದೆ ಸುಧಮ್ಮ. ನೀರು ಚಿಮುಕಿಸ್ತಾಳೋ ಇಲ್ವೋ ಅಂತ. ಚಿಮುಕಿಸಿದ್ಲು. ಆಗ ನನ್ನ ಜೀವ ತಣ್ಣಗಾಯ್ತು. ಅಕ್ಕ ಪೂರ್ತಿ ಹುಷಾರಾದ್ಲು." ಆಮೇಲೆ ಕಣ್ಣೊರೆಸಿಕೊಂಡು, "ನೀನೇನೂ ಅನ್ಬ್ಯಾಡ ಅವಳಿಗೆ. ಅವಳು ಹಂಗೇ ಇರ್ಲಿ" ಎಂದರು.

ಅವರ ಜೊತೆ ನಾನು ನಿಂತು ಮಾತಾಡಿದ ಕೊನೆಯ ಹಬ್ಬ ಅದು. ಇಮ್ರಾನನ ಮದುವೆ ಮಾಡಿ, ಸೊಸೆಯನ್ನು ಮನೆ ತುಂಬಿಸಿಕೊಂಡ ಮೂರನೇ ತಿಂಗಳಿಗೆ ಉಬ್ಬಸ ಜೋರಾಗಿ ಚಿಕ್ಕಬಳ್ಳಾಪುರದ ಆಸ್ಪತ್ರೆ ಸೇರಿದರು. ಮಧ್ಯಾಹ್ನದ ಊಟದ ಬಿಡುವಿನಲ್ಲಿ ದಿನಾ ಹೋಗಿ ನೋಡುತ್ತಿದ್ದೆ. ಮೂಗಿಗೆ ಆಕ್ಸಿಜನ್ ಹಾಕಿದ್ದರು. ಕೇಳುತ್ತಿದ್ದದ್ದು ಒಂದೇ: "ಅಕ್ಕ ಊಟ ಮಾಡಿದ್ಲಾ?" ಐದನೇ ದಿನ ಹೋದಾಗ ಹಾಸಿಗೆಗೆ ಹೊಸ ಬಟ್ಟೆ ಹಾಸುತ್ತಿದ್ದರು.

ಶವ ಮನೆಗೆ ಬಂದಾಗ ಅಮ್ಮ ಗೋಡೆ ಸುತ್ತಿ ಮುಂಬಾಗಿಲಿನಿಂದ ಒಳಗೆ ಹೋಗಿ, ಹೆಂಗಸರ ನಡುವೆ ಚಾಪೆಯ ಮೇಲೆ ಕೂತಳು. ಎತ್ತಿಕೊಂಡು ಹೋಗುವವರೆಗೂ ಏಳಲಿಲ್ಲ. ಸಾವಿನ ಮನೆಯಲ್ಲಿ ಮೂರು ದಿನ ಒಲೆ ಹಚ್ಚುವುದಿಲ್ಲ. ಆ ಮೂರು ದಿನವೂ ಅಮ್ಮ ನಮ್ಮ ಒಲೆಯಿಂದ ಅನ್ನ ಸಾರು ಮಾಡಿ ಕ್ಯಾರಿಯರಿನಲ್ಲಿ ಕಳಿಸಿದಳು. ಬಾಯಿಬಿಟ್ಟು ಅಳಲಿಲ್ಲ. ಬೆಳಗಿನ ಹತ್ತು ಗಂಟೆಗೆ ಸೊಪ್ಪು ಹಿಡಿದು ಹಿತ್ತಲಿಗೆ ಹೋಗಿ, ಒಂದು ಕಡ್ಡಿಯನ್ನೂ ಬಿಡಿಸದೆ ವಾಪಸು ಬರುವಳು.

ನಲವತ್ತನೇ ದಿನದ ಪ್ರಾರ್ಥನೆ ಮುಗಿದ ಮೇಲೆ ಇಮ್ರಾನನ ಹೆಂಡತಿ ನಮ್ಮ ಕ್ಯಾರಿಯರನ್ನು ಹಿಂದಿರುಗಿಸಲು ಬಂದಳು. ಗೌರಿಬಿದನೂರಿನ ಹುಡುಗಿ, ಇನ್ನೂ ಬೀದಿಯ ರೀತಿ ನೀತಿ ಗೊತ್ತಿಲ್ಲ. "ಖಾಲಿ ಕೊಡ್ಬಾರ್ದಲ್ಲ ಅಕ್ಕಾ, ಶಾವಿಗೆ ಖೀರು ಹಾಕಿದ್ದೀನಿ. ಬಿಸಿ ಇದೆ" ಎಂದು ನನ್ನ ಕೈಗೇ ಕೊಟ್ಟಳು. ಹುಡುಗಿಗೆ ಏನು ಹೇಳುವುದು? ಇಸಿದುಕೊಂಡೆ. ನಾನೇ ತಿಂದು ಮುಗಿಸಿದರಾಯಿತು ಎಂದು ಅಡುಗೆಮನೆಗೆ ತರುವಾಗ ಅಮ್ಮ ಅಡ್ಡ ಬಂದಳು.

"ಏನದು?"

"ಖೀರು. ಅವರ ಮನೆಯದು."

"ಬೇಯಿಸಿದ್ದಾ?"

"ಹೂಂ. ಪಾಪ, ಅವಳಿಗೆ ಗೊತ್ತಿಲ್ಲ ಅಮ್ಮ. ನಾನು ತಿಂತೀನಿ ಬಿಡು."

ಅಮ್ಮ ನನ್ನ ಕೈಯಿಂದ ಕ್ಯಾರಿಯರನ್ನು ತೆಗೆದುಕೊಂಡಳು. ಮುಚ್ಚಳ ಬಿಚ್ಚಿ, ಏಳುವ ಹಬೆಯನ್ನೇ ನೋಡುತ್ತಾ ನಿಂತಳು. ನಲವತ್ತು ದಿನದಿಂದ ತಡೆದುಕೊಂಡಿದ್ದ ಅಳು ಆಗ ಬಂತು.

"ಜೈತೂನು ಇದ್ದಿದ್ರೆ ಇದು ಹಸಿಯಾಗೇ ಬರ್ತಿತ್ತು" ಎಂದಳು.

ಹಿಂಬಾಗಿಲ ಹೊಸ್ತಿಲ ಮೇಲೆ ಕೂತು, ಸೆರಗಿನಿಂದ ಮುಖ ಒರೆಸಿಕೊಂಡು, ನನ್ನ ಕಡೆ ಕೈ ಚಾಚಿದಳು.

"ನನ್ನ ಮಡಿ ಕಾಯೋಳೇ ಹೋದ ಮೇಲೆ ನಾನೊಬ್ಬಳೇ ಅದನ್ನ ಹಿಡ್ಕೊಂಡು ಏನ್ ಮಾಡ್ಲಿ ಸುಧಾ. ಒಂದು ಚಮಚ ತಾ."